ಬೀರುವಿನೊಳಗಿನ ನಾಲ್ಕು ದಿನ

ಫೆಬ್ರವರಿ 11

ಸಿಸ್ಟರ್ ಅವರಿಗೆ,

ಕವರಿನ ಹಿಂದೆ ಹೆಸರು ಹುಡುಕಬೇಡಿ, ಯಾರೆಂದು ನಾನೇ ಹೇಳುತ್ತೇನೆ. ಡಿಸೆಂಬರ್ ಮೊದಲ ವಾರ ಬಲ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ನಿಮ್ಮ ವಾರ್ಡಿನ ಮೂಲೆಯ ಮಂಚದಲ್ಲಿ ಮಲಗಿದ್ದ ಹೊಲಿಗೆ ಮೆಷಿನ್ ರಿಪೇರಿಯವನು. ನೀವೆಲ್ಲ ಮೆಷಿನ್ ತಾತ ಎನ್ನುತ್ತಿದ್ದಿರಂತೆ. ನಿಮ್ಮ ತುಟಿ ಒಡೆದವನು. ಇಷ್ಟು ಹೇಳಿದರೆ ಗುರುತು ಸಿಕ್ಕಿರಬೇಕು.

ಫೋನಿನ ಮಾತು ನನ್ನ ಕಿವಿಗೆ ಹತ್ತುವುದಿಲ್ಲ. ಎದುರಿಗೆ ಬಂದು ಹೇಳೋಣವೆಂದರೆ ಮುಖವಿಲ್ಲ. ಅದಕ್ಕೇ ಕಾಗದ. ಎರಡು ತಿಂಗಳು ತಡವಾಯಿತು, ಅದಕ್ಕೆ ಕಾಲುನೋವಿನ ನೆಪ ಹೇಳುವುದಿಲ್ಲ. ಕೈಗೆ ಏನೂ ಆಗಿರಲಿಲ್ಲವಲ್ಲ.

ನಾನು ಮಾಡಿದ್ದು ನನಗೆ ನೆನಪಿಲ್ಲ. ಮಗಳು ಹೇಳಿದ್ದನ್ನೇ ನಂಬಿದ್ದೇನೆ. ಆಪರೇಷನ್ನಿನ ಮಾರನೆಯ ದಿನ ಮಧ್ಯಾಹ್ನದಿಂದ ನಾನು ನಾನಾಗಿರಲಿಲ್ಲವಂತೆ. ಚಮಚದ ಹಿಡಿಯಿಂದ ಗ್ಲೂಕೋಸ್ ಸ್ಟ್ಯಾಂಡಿನ ಸ್ಕ್ರೂಗಳನ್ನು ಬಿಚ್ಚಿ ಹೊದಿಕೆಯ ಮೇಲೆ ಸಾಲಾಗಿ ಇಟ್ಟಿದ್ದೆನಂತೆ. ಇದನ್ನು ಕೇಳಿ ನಗು ಬಂತು, ತಲೆ ಕೆಟ್ಟರೂ ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ್ದೇನಲ್ಲ ಎಂದು. ಮುಂದಿನದನ್ನು ಕೇಳಿದ ಮೇಲೆ ನಗು ನಿಂತಿತು. ಗುರುವಾರ ನೀವು ನನ್ನ ಕೈ ಹಿಡಿಯಲು ಬಂದಾಗ ಮೊಣಕೈ ಬೀಸಿದೆ. ವಾರ್ಡಿಗೆಲ್ಲ ಕೇಳುವಂತೆ 'ಕಳ್ಳೀ' ಎಂದು ಕೂಗಿದೆ. ಅದಕ್ಕಿಂತ ಕೆಟ್ಟ ಮಾತೂ ಬಂತಂತೆ, ಮಗಳು ಅದನ್ನು ಬಾಯಿಬಿಟ್ಟು ಹೇಳುತ್ತಿಲ್ಲ.

ಸಿಸ್ಟರ್, ನಾನು ಐವತ್ತು ವರ್ಷ ಮನೆಮನೆಗೆ ಹೋಗಿ, ಹೆಂಗಸರು ಹೊಲಿಯುವ ಕೋಣೆಯಲ್ಲಿ ನೆಲಕ್ಕೆ ಕೂತು ಅವರ ಮೆಷಿನ್ ಸರಿಮಾಡಿದವನು. ಒಬ್ಬರನ್ನೂ ಏಕವಚನದಲ್ಲಿ ಮಾತಾಡಿಸಿದವನಲ್ಲ. ಈಗ ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುವಾಗ ಈ ಮುದುಕ ಯಾರು, ಇವನು ಎಲ್ಲಿ ಅಡಗಿದ್ದ ಎನ್ನಿಸುತ್ತದೆ. ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತದೆ.

ಕ್ಷಮೆ ಕೇಳುತ್ತೇನೆ. ಜೊತೆಗೆ ಒಂದು ಪ್ರಶ್ನೆ. ನೀವು ದಿನಾ ನೋಡುವವರು. ಹೀಗೇಕಾಯಿತು? ನನಗೆ ಅರಳುಮರುಳು ಶುರುವಾಗಿದೆಯೇ? ದಾಕ್ಷಿಣ್ಯ ಬೇಡ. ಬೇರೆಲ್ಲ ಸುಖವಾಗಿದೆ, ಅಂಗಡಿ ನಡೆಯುತ್ತಿದೆ.

ಇಂತಿ,
ಮೆಷಿನ್ ರಿಪೇರಿಯವ

*

ಮಾರ್ಚ್ 2

ಹಿರಿಯರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ತಾವು ಕ್ಷಮೆ ಕೇಳುವ ಅಗತ್ಯ ಖಂಡಿತ ಇರಲಿಲ್ಲ. ತುಟಿಯ ಗಾಯ ವಾರದೊಳಗೆ ಮಾಯವಾಗಿದೆ. ನಮ್ಮ ಕೆಲಸದಲ್ಲಿ ಇಂಥವು ಹೊಸದಲ್ಲ, ನಾನು ಅಂದೇ ಮರೆತಿದ್ದೇನೆ.

ತಾವು ಕೇಳಿದ್ದಕ್ಕೆ ಹೇಳುವುದಾದರೆ, ವಯಸ್ಸಾದವರಿಗೆ ಆಪರೇಷನ್ ನಂತರ ಹೀಗೆ ಗೊಂದಲವಾಗುವುದುಂಟು. ವಯಸ್ಸಿನ ಕಾರಣ ಎಂದು ತಿಳಿಯಬೇಕು. ಮನೆಯವರ ಗಮನಕ್ಕೆ ಇರಲೆಂದು ಡಿಸ್ಚಾರ್ಜ್ ಕಾಗದದಲ್ಲಿ ಅದನ್ನು ಬರೆದಿದ್ದೇವೆ. ಮನಸ್ಸಿಗೆ ಹಚ್ಚಿಕೊಳ್ಳದೆ ವಿಶ್ರಾಂತಿ ಪಡೆಯಿರಿ. ಮೊಣಕಾಲಿನ ವ್ಯಾಯಾಮ ಬಿಡಬೇಡಿ.

ಇಂತಿ ತಮ್ಮ,
ವಾರ್ಡಿನ ಸಿಸ್ಟರ್

*

ಮಾರ್ಚ್ 9

ಸಿಸ್ಟರ್ ಅವರಿಗೆ,

ಮುಲಾಜಿಲ್ಲದೆ ಹೇಳಿದ್ದಕ್ಕೆ ಉಪಕಾರವಾಯಿತು. ಮಗಳು, ಅಳಿಯ, ಪಕ್ಕದ ಮನೆಯವರು, ಎಲ್ಲರೂ 'ಏನಿಲ್ಲ, ಏನಿಲ್ಲ' ಎಂದು ಬೆನ್ನು ಸವರುವವರೇ ಆಗಿದ್ದರು. ಡಿಸ್ಚಾರ್ಜ್ ಕಾಗದದ ಕೊನೆಯ ಸಾಲು ನನಗೂ ಗೊತ್ತು. 'ಮರೆವಿನ ಲಕ್ಷಣ, ಮನೆಯಲ್ಲಿ ನಿಗಾ ಬೇಕು' ಎಂದಿದೆ. ಮಗಳು ಅದನ್ನು ಮಡಚಿ ಬಟ್ಟೆಗಳ ಅಡಿ ಇಟ್ಟಿದ್ದಳು, ನನ್ನ ಕೈಗೇ ಸಿಕ್ಕಿತು.

ಅಂಗಡಿ ನಡೆಯುತ್ತಿದೆ ಎಂದು ಬರೆದದ್ದು ಸುಳ್ಳು. ಜನವರಿಯಿಂದ ಕೀಲಿಕೈ ಮಗಳ ಹತ್ತಿರವಿದೆ. ಅವಳ ತಪ್ಪಲ್ಲ. ಸೂಜಿ, ಕತ್ತರಿ, ಸೀಮೆಎಣ್ಣೆ ಇರುವ ಜಾಗಕ್ಕೆ ತಲೆ ನಿಲ್ಲದವನನ್ನು ಯಾರು ಬಿಡುತ್ತಾರೆ? ಎಡ ಮೊಣಕಾಲೂ ಸರಿಯಾಗಲಿ, ಡಾಕ್ಟರು ನೋಡಿ ಹೇಳಲಿ, ಆಮೇಲೆ ಅಂಗಡಿಯ ಮಾತು ಎಂದಿದ್ದಳು. ಮೇ ತಿಂಗಳಿಗೆ ಆಪರೇಷನ್ ಗೊತ್ತಾಗಿತ್ತು. ಈ ಕಾಲು ಸರಿಹೋಗದೆ ಮೆಷಿನ್ ಮುಂದೆ ಕೂತು ಪೆಡಲ್ ತುಳಿದು ನೋಡಲು ಆಗುವುದಿಲ್ಲ, ತುಳಿಯಲಾಗದಿದ್ದರೆ ಕೆಲಸವಿಲ್ಲ.

ಅಲ್ಲಿಯವರೆಗೆ ತಲೆ ಗಟ್ಟಿಯಿದೆ ಎಂದು ತೋರಿಸಬೇಕಿತ್ತು. ದಿನಾ ಬೆಳಿಗ್ಗೆ ಏಳುವ ಮುಂಚೆ ಹಾಸಿಗೆಯಲ್ಲೇ ಶನಿವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿಕೊಳ್ಳುತ್ತಿದ್ದೆ. ಮಗಳು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಏನಪ್ಪಾ ಅದು, ಯಾರ ಜೊತೆ ಮಾತಾಡ್ತಿದೀಯ?" ಎಂದಳು, ಅವಳ ಮುಖ ಬಿಳಿಚಿಕೊಂಡಿತ್ತು. ಪರೀಕ್ಷೆಗೆ ಓದುತ್ತಿದ್ದವನು ಅದನ್ನೇ ಬರೆದು ಫೇಲಾದ ಹಾಗಾಯಿತು.

ನಿಮ್ಮ ಪತ್ರ ಬಂದ ಮೇಲೆ ತೀರ್ಮಾನ ಸುಲಭವಾಯಿತು. ವಯಸ್ಸೇ ಕಾರಣವಾದರೆ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ. ಇನ್ನೊಂದು ಆಪರೇಷನ್ ಆದರೆ ಮತ್ತೆ ಯಾರದೋ ತುಟಿ ಒಡೆಯುತ್ತದೆ. ಡಾಕ್ಟರಿಗೆ ಬೇಡವೆಂದು ಹೇಳಿ ಕಳಿಸಿದೆ. ಅಂಗಡಿಯಲ್ಲಿ ಉಳಿದಿದ್ದ ಹನ್ನೊಂದು ಮೆಷಿನ್‌ಗಳನ್ನು ಅವರವರ ಮನೆಗೆ ಮುಟ್ಟಿಸಲು ಅಳಿಯನಿಗೆ ಒಪ್ಪಿಸಿದ್ದೇನೆ. ಕುಂಟಿಕೊಂಡು ಇರುತ್ತೇನೆ, ಮಾನವಾಗಿ ಇರುತ್ತೇನೆ.

ನೀವು ಚಿಕ್ಕವರು, ನಿಮ್ಮ ಕೈಗುಣ ಚೆನ್ನಾಗಿರಲಿ.

ಮೆಷಿನ್ ರಿಪೇರಿ ಮಾಡುತ್ತಿದ್ದವ

*

ಏಪ್ರಿಲ್ 6

ಮೆಷಿನ್ ತಾತ,

ಹೀಗೆ ಕರೆಯುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. 'ಹಿರಿಯರಿಗೆ ನಮಸ್ಕಾರಗಳು' ಎಂದು ಶುರುಮಾಡಿದರೆ ಮತ್ತೆ ಸುಳ್ಳನ್ನೇ ಬರೆಯುತ್ತೇನೆ ಎಂದು ಭಯ.

ನಿಮ್ಮ ಪತ್ರ ನಾಲ್ಕು ವಾರದಿಂದ ನನ್ನ ಯೂನಿಫಾರಂ ಜೇಬಿನಲ್ಲಿದೆ. ಎಲ್ಲರ ಮುಂದೆ ನಗುತ್ತಾ ಓಡಾಡುತ್ತೇನೆ, ಕೈ ಜೇಬಿಗೆ ಹೋದರೆ ಹಾಗೇ ಹಿಂದಕ್ಕೆ ತೆಗೆಯುತ್ತೇನೆ. ನಾನು ಅಂದೇ ಮರೆತೆ ಎಂದು ಬರೆದಿದ್ದೆ. ಒಂದು ದಿನವೂ ಮರೆತಿಲ್ಲ.

ನಡೆದದ್ದು ಹೀಗೆ. ನವೆಂಬರಿನಲ್ಲಿ ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜಿಯ ಹಲ್ಲಿನ ಸೆಟ್ಟು ಕಳೆದುಹೋಯಿತು. ಮೈಲಿಗೆ ಬಟ್ಟೆಯ ಜೊತೆ ಒಗೆಯಲು ಹೋಗಿಬಿಟ್ಟಿತ್ತು. ಅವರ ಮಕ್ಕಳು ನನ್ನನ್ನು ನಡುವಾರ್ಡಿನಲ್ಲಿ ನಿಲ್ಲಿಸಿ ಬೈದರು. ಮೇಲಿನವರು ವಿವರಣೆ ಬರೆಸಿಕೊಂಡರು. ಅಂದಿನಿಂದ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಆಪರೇಷನ್ನಿಗೆ ಹೋಗುವವರ ಕನ್ನಡಕ, ಹಲ್ಲು, ಕಿವಿ ಮೆಷಿನ್, ಎಲ್ಲವನ್ನೂ ಬಟ್ಟೆಚೀಲಕ್ಕೆ ಹಾಕಿ, ಮಂಚದ ನಂಬರು ಹೊಲಿದು, ಬೀರುವಿನಲ್ಲಿಟ್ಟು ಬೀಗ ಹಾಕುವುದು. ಮನೆಗೆ ಹೋಗುವ ದಿನ ಸಹಿ ತಗೊಂಡು ಕೊಡುವುದು. ಒಂದೂ ಕಳೆಯಲಿಲ್ಲ. ಹೆಡ್ ಸಿಸ್ಟರ್ ಮೀಟಿಂಗಿನಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಹೊಗಳಿದರು.

ನಿಮ್ಮ ಕಿವಿ ಮೆಷಿನ್ ಮತ್ತು ಕನ್ನಡಕ ಸೋಮವಾರದಿಂದ ಶುಕ್ರವಾರದವರೆಗೆ ಆ ಬೀರುವಿನಲ್ಲಿದ್ದವು. ನೀವು ಮಲಗಿದ್ದ ಮೂಲೆಯಲ್ಲಿ ಕಿಟಕಿ ಇಲ್ಲ. ಗೋಡೆ ಗಡಿಯಾರ ನಿಮ್ಮ ತಲೆಯ ಹಿಂದಿತ್ತು. ನಾನು ಬಂದು ಬಾಯಿ ಆಡಿಸುತ್ತಿದ್ದೆ, ನಿಮಗೆ ಏನೂ ಕೇಳುತ್ತಿರಲಿಲ್ಲ, ನೀವು ಉತ್ತರ ಕೊಡುತ್ತಿರಲಿಲ್ಲ. 'ಕೇಳಿದ್ದಕ್ಕೆ ಸ್ಪಂದನೆ ಇಲ್ಲ' ಎಂದು ಬರೆದೆ. ಮಸುಕು ಮಸುಕಾದ ಯಾರೋ ಬಂದು ಚುಚ್ಚಿ, ಎಳೆದು, ಹೋಗುತ್ತಿದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ. ನೀವು ಕೂಗಾಡಿದಿರಿ. ಸುಮ್ಮನಿರಲೆಂದು ಡ್ಯೂಟಿ ಡಾಕ್ಟರಿಗೆ ಹೇಳಿ ಮಂಪರಿನ ಇಂಜೆಕ್ಷನ್ ಕೊಡಿಸಿದೆ, ಅದಾದ ಮೇಲೆ ಇನ್ನೂ ಹೆಚ್ಚಾಯಿತು. ಮಗಳಿಗೆ "ನೀವಿದ್ರೆ ಅವರು ಇನ್ನೂ ಕೆರಳ್ತಾರೆ, ಹೊರಗಿರಿ" ಎಂದು ನಾನೇ ಕಳಿಸಿದೆ. ಗುರುವಾರ ನಾನು ನಿಮ್ಮ ಕೈ ಹಿಡಿಯಲು ಬಂದದ್ದು ಸಮಾಧಾನ ಮಾಡಲು ಅಲ್ಲ. ಮಂಚಕ್ಕೆ ಬ್ಯಾಂಡೇಜಿನಿಂದ ಕಟ್ಟಲು ಬಂದಿದ್ದೆ, ಕಟ್ಟಿದೆ ಕೂಡ, ಶುಕ್ರವಾರ ಮಗಳು ಒಳಗೆ ಬರುವ ಮುಂಚೆ ಬಿಚ್ಚಿದೆ.

ಶುಕ್ರವಾರ ಮಗಳು "ಅಪ್ಪನ ಕಿವಿ ಮೆಷಿನ್ ಎಲ್ಲಿ?" ಎಂದು ಕೇಳಿದರು. "ಏನೂ ಚಿಂತೆ ಮಾಡ್ಬೇಡಿ, ಭದ್ರವಾಗಿದೆ" ಎಂದೆ. ತಾತ, ಅದನ್ನು ಹೆಮ್ಮೆಯಿಂದ ಹೇಳಿದೆ. ಅವರು ಅಲ್ಲೇ ನಿಂತು ಕೊಡಿಸಿಕೊಂಡು ನಿಮಗೆ ಹಾಕಿದರು, ಕನ್ನಡಕ ಇಟ್ಟರು, ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಸಂಜೆಯ ಹೊತ್ತಿಗೆ ನೀವು ಪೇಪರು ಕೇಳಿದಿರಿ. ಶನಿವಾರ ನನ್ನನ್ನು ಕಂಡು ನಕ್ಕಿರಿ. ನಾನು ಮಾಡಿದ್ದು ಆಗಲೇ ನನಗೆ ಅರ್ಥವಾಗಿತ್ತು. ಆದರೂ ಡಿಸ್ಚಾರ್ಜ್ ಕಾಗದಕ್ಕೆ ಆ ಸಾಲನ್ನು ನಾನೇ ಬರೆದುಕೊಟ್ಟೆ. ನಿಮಗೆ ಮರೆವು ಎಂದಾದರೆ ನನ್ನದು ತಪ್ಪಾಗುತ್ತಿರಲಿಲ್ಲ.

ಎಚ್ಚರವಾದ ತಕ್ಷಣ ಕಿವಿ ಮೆಷಿನ್, ಕನ್ನಡಕ ಹಿಂದಿರುಗಿಸಬೇಕು ಎಂಬ ಹಾಳೆ ನಮ್ಮ ಕೋಣೆಯ ಗೋಡೆಯ ಮೇಲಿದೆ. ಅದಕ್ಕೆ ಮೊಳೆ ಹೊಡೆದು ನೇತುಹಾಕಿದವಳು ನಾನೇ.

ನೀವು ನನ್ನನ್ನು ಕಳ್ಳಿ ಎಂದದ್ದು ಬೈಗುಳವಲ್ಲ. ನಿಮ್ಮ ವಸ್ತು ನನ್ನ ಹತ್ತಿರವಿತ್ತು. ನಿಮ್ಮ ತಲೆ ಕೆಟ್ಟಿಲ್ಲ. ದಯವಿಟ್ಟು ಮೆಷಿನ್‌ಗಳನ್ನು ವಾಪಸ್ ಕಳಿಸಬೇಡಿ.

ಸಿಸ್ಟರ್

*

ಏಪ್ರಿಲ್ 13

ಸಿಸ್ಟರ್,

ಓದಿದೆ. ಎರಡು ಸಲ ಓದಿದೆ.

ಕಟ್ಟಿದ ವಿಷಯ ಮಗಳಿಗೂ ಗೊತ್ತಿರಲಿಲ್ಲ. ಮಣಿಕಟ್ಟಿನ ಮೇಲೆ ಕಲೆ ಇತ್ತು, ಸೂಜಿ ಚುಚ್ಚಿದ್ದು ಎಂದುಕೊಂಡಿದ್ದೆವು.

ಮೆಷಿನ್‌ಗಳು ಹೋಗಿಬಿಟ್ಟಿವೆ. ಹತ್ತು ಜನರಿಗೆ 'ಮಾವನಿಗೆ ಇನ್ನು ಕೈಲಾಗಲ್ಲ' ಎಂದು ಅಳಿಯ ಹೇಳಿ ಬಂದಿದ್ದಾನೆ. ಹನ್ನೊಂದನೆಯವರು ಮನೆ ಬದಲಿಸಿದ್ದಾರೆ, ಅದೊಂದು ಉಳಿದಿದೆ. ಬೀದಿಯಲ್ಲಿ ಜನ ನನ್ನ ಜೊತೆ ಜೋರಾಗಿ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಮಾತಾಡುತ್ತಾರೆ. ನೀವು ನಿಮ್ಮ ಮಾನ ಉಳಿಸಿಕೊಳ್ಳಲು ನನ್ನದನ್ನು ತೆಗೆದಿರಿ. ನಾನು ನಿಮ್ಮ ಹತ್ತಿರ ಕ್ಷಮೆ ಕೇಳಿದೆ, ನೀವು ಅದನ್ನೂ ತಗೊಂಡಿರಿ.

ಮಗಳು ದೂರು ಬರೆಯುತ್ತಿದ್ದಾಳೆ. ನಾನು ತಡೆಯುವುದಿಲ್ಲ.

*

ಏಪ್ರಿಲ್ 20

ತಾತ,

ತಡೆಯಬೇಡಿ. ಬರೆಯಲಿ.

ನಿಮಗೆ ಪತ್ರ ಹಾಕಿದ ಮಾರನೆಯ ದಿನವೇ ಹೆಡ್ ಸಿಸ್ಟರಿಗೂ ನಿಮ್ಮ ಡಾಕ್ಟರಿಗೂ ಎಲ್ಲ ಹೇಳಿದೆ. ನೆಲ ಬಾಯಿ ಬಿಡಬಾರದೇ ಎನ್ನಿಸಿತು, ಬಿಡಲಿಲ್ಲ, ಹೇಳಿಯೇ ಮುಗಿಸಬೇಕಾಯಿತು. ಡಾಕ್ಟರು ಆ ಕೊನೆಯ ಸಾಲು ತೆಗೆದು ಬೇರೆ ಡಿಸ್ಚಾರ್ಜ್ ಕಾಗದ ಬರೆದುಕೊಟ್ಟಿದ್ದಾರೆ. ಇದರ ಜೊತೆಗಿದೆ, ಮಗಳಿಗೆ ತೋರಿಸಿ. ಬೀರುವಿನ ಬೀಗ ತೆಗೆಸಿದ್ದಾರೆ. ನನ್ನನ್ನು ಎರಡು ಮಹಡಿ ಮೇಲಿನ ಹೆರಿಗೆ ವಾರ್ಡಿಗೆ ಹಾಕಿದ್ದಾರೆ. ಇಲ್ಲಿ ಯಾರಿಗೂ ಕನ್ನಡಕವೂ ಇಲ್ಲ, ಹಲ್ಲೂ ಇಲ್ಲ ಎಂದು ಜೊತೆಯವರು ತಮಾಷೆ ಮಾಡುತ್ತಾರೆ. ನಗುತ್ತೇನೆ, ಏನೋ ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತೇನೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಆದರೆ ನನ್ನ ಮೇಲಿನ ಸಿಟ್ಟಿಗೆ ಎಡಗಾಲನ್ನು ಬಲಿ ಕೊಡಬೇಡಿ. ಆಪರೇಷನ್ ಮಾಡಿಸಿಕೊಳ್ಳಿ. ಮಗಳು ಮೊದಲ ಮೂರು ದಿನ ಪಕ್ಕದಲ್ಲೇ ಇರಬೇಕೆಂದು ಮೊದಲೇ ಹೇಳಿಡಿ, ಯಾರು ಹೊರಗೆ ಹೋಗಿ ಎಂದರೂ ಹೋಗುವುದು ಬೇಡ. ಕಣ್ಣು ಬಿಟ್ಟ ಕೂಡಲೇ ಕಿವಿ ಮೆಷಿನ್, ಕನ್ನಡಕ. ಕಿಟಕಿ ಪಕ್ಕದ ಮಂಚ ಕೇಳಿ, ಹಗಲು ಯಾವುದು ಎಂದು ಕಣ್ಣಿಗೆ ಕಾಣಬೇಕು. ಡಾಕ್ಟರು ಒಪ್ಪಿದ ತಕ್ಷಣ ನೀರು ಕುಡಿಯುತ್ತಿರಿ, ಎದ್ದು ಕೂತುಕೊಳ್ಳಿ, ನೋವಿದ್ದರೆ ಹಲ್ಲು ಕಚ್ಚದೆ ಹೇಳಿ. ಇಷ್ಟೆಲ್ಲ ಮಾಡಿದರೂ ಸ್ವಲ್ಪ ಗೊಂದಲ ಬರಬಹುದು. ಬಂದರೂ ಹೀಗೆ ನೋಡಿಕೊಂಡರೆ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಬೇಗ ಹೋಗುತ್ತದೆ.

ಇನ್ನೊಂದು ವಿಷಯ. ಡಾಕ್ಟರು ಹಳೆಯ ಚಾರ್ಟು ತಿರುವಿ ಹಾಕಿ, ಎರಡನೆಯ ದಿನ ಕೈ ನಡುಗುತ್ತಿತ್ತು, ಬೆವರುತ್ತಿದ್ದರು ಎಂದು ಬರೆದದ್ದನ್ನು ತೋರಿಸಿದರು. ಬರೀ ಕಿವಿ ಕನ್ನಡಕದಿಂದ ಅದು ಆಗದು ಎಂದರು. ಸೇರಿಸಿಕೊಳ್ಳುವಾಗ ನಾನು ನಿಮ್ಮನ್ನು ಕೇಳಿದ್ದೆ, ಕುಡಿಯುವ ಅಭ್ಯಾಸವಾಗಲಿ ನಿದ್ದೆ ಮಾತ್ರೆಯಾಗಲಿ ಇದೆಯೇ ಎಂದು. 'ಇಲ್ಲ' ಎಂದಿದ್ದಿರಿ. ನಿಜವಾಗಿ ಇಲ್ಲವಾದರೆ ಸರಿ. ಇದ್ದರೆ ನನಗೆ ಬರೆಯಬೇಡಿ, ನನಗೆ ಆ ಅಧಿಕಾರ ಉಳಿದಿಲ್ಲ. ಡಾಕ್ಟರಿಗೆ ಹೇಳಿ.

ಸಿಸ್ಟರ್

*

ಮೇ 8

ಸಿಸ್ಟರ್,

ಡಾಕ್ಟರಿಗೆ ಹೇಳಿದ್ದೇನೆ. ನಿಮಗೂ ಬರೆಯುತ್ತೇನೆ, ಬರೆಯದಿದ್ದರೆ ನಿಮಗಿಂತ ಒಂದು ಕೈ ಮೇಲೆಂದು ಮೆರೆದ ಹಾಗಾಗುತ್ತದೆ.

ಆರು ವರ್ಷದ ಹಿಂದೆ ಹೆಂಡತಿ ಹೋದಳು. ಅವಳ ಕಾಯಿಲೆಯಲ್ಲಿ ಅವಳಿಗೆ ಬರೆದಿದ್ದ ನಿದ್ದೆ ಮಾತ್ರೆ ಉಳಿದಿತ್ತು. ಒಂದು ದಿನ ನಾನು ನುಂಗಿದೆ. ಆಮೇಲೆ ಬಿಡಲಿಲ್ಲ. ಗುರುತಿನವರು ಇಲ್ಲದ ಬೀದಿಯ ಔಷಧಿ ಅಂಗಡಿಗೆ ಹೋಗಿ ಹಳೆಯ ಚೀಟಿ ತೋರಿಸಿ ತರುತ್ತಿದ್ದೆ. ಅಂಗಡಿಯಲ್ಲಿ ದಾರ ಸುತ್ತುವ ಬಾಬಿನ್ ಹಾಕುವ ತಗಡಿನ ಡಬ್ಬಿಯ ತಳದಲ್ಲಿ ಇಡುತ್ತಿದ್ದೆ. ಕೀಲಿಕೈ ಹೋದದ್ದಕ್ಕೆ ನಾನು ಅಷ್ಟು ಒದ್ದಾಡಿದ್ದರಲ್ಲಿ ಕಾಲು ಭಾಗ ಆ ಡಬ್ಬಿಯದು. ಅಳಿಯನಿಗೆ "ಬಾಬಿನ್ ಡಬ್ಬಿ ತಂದುಕೊಡು, ಕೈ ಸುಮ್ಮನಿರಲ್ಲ" ಎಂದು ತರಿಸಿಕೊಂಡೆ.

ನೀವು ಕೇಳಿದಾಗ ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳ ಎದುರು ನಾನು ಗಟ್ಟಿ ಮನುಷ್ಯ. ಅಮ್ಮ ಸತ್ತಾಗ ಅವಳನ್ನು ಸಮಾಧಾನ ಮಾಡಿದವನು. ಹಾಗಾಗಿ 'ಇಲ್ಲ' ಎಂದು ಬಾಯಿಗೆ ಬೀಗ ಹಾಕಿಕೊಂಡೆ.

ನಿಮ್ಮ ಪತ್ರ ಬಂದ ಮೇಲೆ ಎಂಟು ದಿನ ಅವಳು ಬರೆದ ದೂರನ್ನು ಮೇಜಿನ ಮೇಲೆ ನೋಡುತ್ತಾ ಕೂತೆ. ಒಳ್ಳೆ ಖಡಕ್ಕಾಗಿ ಬರೆದಿದ್ದಳು. 'ನಮ್ಮ ತಂದೆ ಎಲ್ಲ ಪ್ರಶ್ನೆಗೂ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದರೂ' ಎಂಬ ಒಂದು ಸಾಲು ಇತ್ತು. ಆ ಸಾಲಿನ ಕೆಳಗೆ ನಾನು ಸಹಿ ಹಾಕಬೇಕಿತ್ತು. ಪೆನ್ನು ಹಿಡಿದೆ, ಇಟ್ಟೆ. ಎದ್ದು ಹೋಗಿ ಡಬ್ಬಿ ತಂದು ಬಾಬಿನ್‌ಗಳನ್ನೆಲ್ಲ ಮೇಜಿನ ಮೇಲೆ ಸುರಿದೆ.

"ಏನಿದು?" ಎಂದಳು.

"ನಿದ್ದೆ ಮಾತ್ರೆ."

"ಯಾರದು?"

"ನಂದೇ ಕಣಮ್ಮ. ನಿಮ್ಮಮ್ಮ ಹೋದಾಗಿಂದ."

ಅವಳು ಒಂದೊಂದೇ ಮಾತ್ರೆ ಪಟ್ಟಿ ಎತ್ತಿ ನೋಡಿದಳು. "ಆರು ವರ್ಷ ಅಪ್ಪಾ! ಪಕ್ಕದ ರೂಮಲ್ಲೇ ಇದ್ದೆ ನಾನು. ಒಂದ್ ದಿನ ಹೇಳಕ್ಕಾಗ್ಲಿಲ್ವಾ?" ಬೈಯುತ್ತಾಳೆ ಎಂದುಕೊಂಡಿದ್ದೆ. ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಸ್ಪತ್ರೆಗೆ ಸೇರಿದಾಗ ಮಾತ್ರೆ ಸಟಕ್ಕನೆ ನಿಲ್ಲಿಸಿದ್ದೂ ಡಿಸೆಂಬರಿನ ಗಲಾಟೆಗೆ ಒಂದು ಕಾರಣ ಎಂದು ಡಾಕ್ಟರು ಹೇಳಿದರು. ಈಗ ಅವರು ಹೇಳಿದ ಲೆಕ್ಕದಲ್ಲಿ ಚೂರು ಚೂರೇ ಕಡಿಮೆ ಮಾಡುತ್ತಿದ್ದೇನೆ. ಅದಕ್ಕೇ ಆಪರೇಷನ್ ಜೂನಿಗೆ ಹೋಗಿದೆ. ಹೌದು, ಒಪ್ಪಿದ್ದೇನೆ. ಭಯ ಇದೆ. ಎಲ್ಲ ಸರಿಯಾಗಿ ಮಾಡಿದ ಮೇಲೂ ನಾನು ಬಾಯಿಗೆ ಬಂದದ್ದು ಕೂಗಿದರೆ ಇನ್ನು ಯಾರ ಮೇಲೆ ಹಾಕಲಿ?

ದೂರು ಮೇಜಿನ ಖಾನೆಯಲ್ಲಿದೆ. ಹರಿದಿಲ್ಲ, ಕಳಿಸಿಲ್ಲ. ನಿಮ್ಮ ತಪ್ಪು ನನ್ನ ತಪ್ಪಿನಿಂದ ಚಿಕ್ಕದಾಗುವುದಿಲ್ಲ, ಇದನ್ನು ಹೇಳಿಬಿಡಬೇಕು. ಆದರೆ ನಿಮ್ಮ ತುಟಿ ಒಡೆದದ್ದರಲ್ಲಿ ನನ್ನ ಸುಳ್ಳಿಗೂ ಪಾಲಿದೆ.

ಮೆಷಿನ್ ರಿಪೇರಿಯವ

*

ಜೂನ್ 20, ಮಧ್ಯಾಹ್ನ
ಕೆಳಗಿನ ವಾರ್ಡು, ಕಿಟಕಿಯ ಮಂಚ

ಸಿಸ್ಟರ್,

ಮೇ ತಿಂಗಳ ನನ್ನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ಇದನ್ನು ಆಯಾ ಕೈಯಲ್ಲಿ ಮೇಲಕ್ಕೆ ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ದಿಂಬಿನ ಮೇಲಿಟ್ಟು ಬರೆದದ್ದಕ್ಕೆ, ತಲೆಗೆ ಏನೂ ಆಗಿಲ್ಲ.

ಮಂಗಳವಾರ ಆಪರೇಷನ್ ಆಯಿತು. ಎಚ್ಚರವಾದಾಗ ಮೊದಲು ಕಿವಿಗೆ ಬಿದ್ದದ್ದು ಮಗಳು ಹೊಸ ಸಿಸ್ಟರ್ ಜೊತೆ ವಾದ ಮಾಡುತ್ತಿದ್ದದ್ದು. "ನಾನು ಎಲ್ಲೂ ಹೋಗಲ್ಲ, ಇಲ್ಲೇ ಕೂರ್ತೀನಿ." ಹೋಗಿ ಎಂದು ಯಾರೂ ಹೇಳಿರಲಿಲ್ಲವಂತೆ, ಮುಂಜಾಗ್ರತೆಗೆ ಜಗಳ.

ನಿನ್ನೆ ಬೆಳಿಗ್ಗೆ ಸುಮಾರು ಒಂದು ಗಂಟೆ ಹೊತ್ತು ತಲೆಯ ಹಿಡಿತ ತಪ್ಪಿತು. ಮುಚ್ಚಿಡುವುದಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಹೊಸ ಸಿಸ್ಟರಿಗೆ ನನ್ನ ಹೆಂಡತಿ ಎಲ್ಲಿ ಎಂದು ಕೇಳಿದೆ, ಬೆನ್ನು ನೆಟ್ಟಗೆ ಮಾಡಿ ಕೂರು ಎಂದು ಗದರಿದೆ. ಮಗಳು ನನ್ನ ಮುಖ ಅವಳ ಕಡೆ ತಿರುಗಿಸಿಕೊಂಡು, "ಅಪ್ಪಾ, ಅಮ್ಮ ಹೋಗಿ ಆರು ವರ್ಷ ಆಯ್ತು. ಇದು ಆಸ್ಪತ್ರೆ. ಇವತ್ತು ಗುರುವಾರ. ನಾನಿದೀನಿ" ಎಂದಳು. ಎಷ್ಟು ಸಲ ಹೇಳಿದಳೋ. ಕೊನೆಗೆ ಒಂದು ಸಲ ಅದು ಒಳಗೆ ಹೋಯಿತು. ಅತ್ತೆ. ಆರು ವರ್ಷದಿಂದ ಅವಳೆದುರು ಅತ್ತಿರಲಿಲ್ಲ.

ಹೊಸ ಸಿಸ್ಟರ್ ಹತ್ತಿರ ಕ್ಷಮೆ ಕೇಳಿದೆ. "ಅಯ್ಯೋ ತಾತ, ನಾನು ಕೂರೋ ರೀತಿ ಸರಿಯಿಲ್ಲ ಅಂದ್ರಿ ಅಷ್ಟೆ, ನಮ್ಮಮ್ಮನೂ ಅದನ್ನೇ ಅಂತಾರೆ" ಎಂದರು. ನಾಚಿಕೆಯಾಯಿತು. ಊಟದ ಹೊತ್ತಿಗೆ ಮುಗಿಯಿತು. ಹೋದ ಸಲದ್ದನ್ನು ಆರು ತಿಂಗಳು ಹೊತ್ತುಕೊಂಡು ತಿರುಗಿದೆ.

ಡಾಕ್ಟರು ಬೆಳಿಗ್ಗೆ ಬಂದು ತಾರೀಕು, ವಾರ, ನೂರರಿಂದ ಏಳೇಳು ಕಳೆಯುವುದು ಎಲ್ಲ ಕೇಳಿದರು. ಎಪ್ಪತ್ತೆರಡರ ಹತ್ತಿರ ಮಗಳೇ ತಪ್ಪಿದಳು, ನಾನಲ್ಲ. ಆ ಖುಷಿಯಲ್ಲಿ ಕೀಲಿಕೈ ಕೇಳಿದೆ. "ಮೊದಲು ನಡಿ" ಎಂದಳು. ಇಲ್ಲ ಎನ್ನಲಿಲ್ಲ.

ಈಗ ನಿಮ್ಮ ವಿಷಯ. ಮೂರು ದಿನದಿಂದ ಮೇಲಿನಿಂದ ಫೋನು ಬರುತ್ತಿದೆಯಂತೆ. ಮೆಷಿನ್ ತಾತ ಕಿವಿ ಮೆಷಿನ್ ಹಾಕಿದಾರಾ, ನೀರು ಕುಡಿದ್ರಾ, ಎದ್ದು ಕೂತ್ರಾ ಎಂದು. ಇವತ್ತು ಹೊಸ ಸಿಸ್ಟರ್ "ನೀವೇ ಬಂದು ನೋಡಬಾರದಾ?" ಎಂದು ಕೇಳಿದರೆ ಆ ಕಡೆಯವರು ಫೋನು ಇಟ್ಟುಬಿಟ್ಟರಂತೆ.

ಮಗಳು ಇಲ್ಲೇ ಇದ್ದಾಳೆ. ಅವಳ ಸಿಟ್ಟು ಪೂರ್ತಿ ಇಳಿದಿಲ್ಲ, ನಿಮ್ಮನ್ನು ಕಂಡರೆ ಮಾತಾಡದೆ ಇರಬಹುದು. ನನ್ನದೂ ಪೂರ್ತಿ ಇಳಿದಿಲ್ಲ. ಪತ್ರದಲ್ಲಿ ಅದು ಇಳಿಯುವ ಹಾಗೆ ಕಾಣುವುದಿಲ್ಲ.

ನೋಡಲು ಬರುವವರನ್ನು ನಾಲ್ಕರಿಂದ ಆರರವರೆಗೆ ಬಿಡುತ್ತಾರೆ. ನಾನೇ ಬರುತ್ತಿದ್ದೆ, ಆದರೆ ಎರಡು ಮಹಡಿ ಮೆಟ್ಟಿಲು ಹತ್ತಲು ಈ ಕಾಲಿಗೆ ಇನ್ನೂ ಆರು ವಾರ ಬೇಕಂತೆ. ನಿಮ್ಮ ಕಾಲು ಚೆನ್ನಾಗಿವೆಯಲ್ಲ. ಇಳಿದು ಬನ್ನಿ.